ನ್ಯೂರೆಂಬರ್ಗಿನ ಪುಂಡಿ

ಅವ್ವ ಮೊದಲ ಗುಟುಕು ಕುಡಿದು ನಾಲಿಗೆಯನ್ನು ಎರಡು ಸಲ ಅಂಗುಳಿಗೆ ತಟ್ಟಿ ನೋಡಿದಳು. ಸಾರಿಗೆ ಉಪ್ಪು ಸಾಕೋ ಬೇಕೋ ಎಂದು ನೋಡುವಾಗಲೂ ಅವಳು ಹೀಗೆಯೇ ಮಾಡುತ್ತಾಳೆ. ಆಮೇಲೆ ಪಿಂಗಾಣಿ ಲೋಟವನ್ನು ಎರಡೂ ಅಂಗೈಯಲ್ಲಿ ಹಿಡಿದು ಒಳಗೆ ಇಣುಕಿದಳು.

"ಇದಕ್ಕೆ ಎಷ್ಟು ಕೊಟ್ಟೆ?"

ನಾಲ್ಕು ಯೂರೋ ಎಂದೆ. ಲೋಟದ ಠೇವಣಿ ಬೇರೆ. ರೂಪಾಯಿಯಲ್ಲಿ ಎಷ್ಟಾಗುತ್ತದೆ ಎಂದು ನಾನು ಹೇಳಲಿಲ್ಲ, ಆದರೆ ನನ್ನ ಅವ್ವ ಹಾವೇರಿಯ ಸಂತೆಯಲ್ಲಿ ನಲವತ್ತು ವರ್ಷ ಚೌಕಾಸಿ ಮಾಡಿದವಳು, ಲೆಕ್ಕ ಆಗಲೇ ಮುಗಿದಿತ್ತು.

"ಮುನ್ನೂರು ರೂಪಾಯಿಯ ಮೇಲೆ ಕೊಟ್ಟು ನನಗೆ ಪುಂಡಿ ನೀರು ಕುಡಿಸಿದೆಯಲ್ಲೇ!"

ಇದು 2022ರ ಡಿಸೆಂಬರ್. ಜರ್ಮನಿಯ ನ್ಯೂರೆಂಬರ್ಗಿನ ಕ್ರಿಸ್‌ಮಸ್ ಸಂತೆ ಕೊರೋನಾದಿಂದ ಎರಡು ವರ್ಷ ನಿಂತುಹೋಗಿ ಮತ್ತೆ ತೆರೆದ ವರ್ಷ. ಸಂಜೆ ನಾಲ್ಕೂಕಾಲಿಗೆ ಸೂರ್ಯ ಮುಳುಗಿಬಿಡುವ ಆ ದಿನಗಳಲ್ಲಿ ಊರ ನಡುವಿನ ಚೌಕದ ತುಂಬ ಕೆಂಪು ಬಿಳಿ ಪಟ್ಟೆಯ ಬಟ್ಟೆ ಹೊದಿಸಿದ ಮರದ ಅಂಗಡಿಗಳು ಏಳುತ್ತವೆ. ಈ ಸಂತೆ ಎಷ್ಟು ಹಳೆಯದು ಎಂಬುದಕ್ಕೆ ಇಲ್ಲಿಯವರು ತೋರಿಸುವ ಮೊದಲ ಲಿಖಿತ ಸಾಕ್ಷಿ 1628ರ ಒಂದು ಮರದ ಡಬ್ಬಿಯ ಮೇಲಿನ ಬರಹ. ಯಾರೋ ಯಾರಿಗೋ ಸಂತೆಯಿಂದ ಕಳಿಸಿದ ಉಡುಗೊರೆಯ ಡಬ್ಬಿ. ನಮ್ಮೂರ ಜಾತ್ರೆಗಳಿಗೂ ಇಂಥದೊಂದು ಡಬ್ಬಿ ಸಿಕ್ಕಿದ್ದರೆ ಚೆನ್ನಾಗಿತ್ತು ಎಂದು ಪ್ರತಿ ವರ್ಷ ಅನ್ನಿಸುತ್ತದೆ.

ಸಂತೆಯಲ್ಲಿ ದೊಡ್ಡವರು ಕುಡಿಯುವುದು ಗ್ಲೂವೈನ್, ಅಂದರೆ ಚಕ್ಕೆ ಲವಂಗ ಹಾಕಿ ಬಿಸಿ ಮಾಡಿದ ದ್ರಾಕ್ಷಾರಸದ ಮದ್ಯ. ಅದಕ್ಕೆ ಯುರೋಪಿನ ಕಾನೂನೇ ಇದೆ: ಶೇಕಡಾ 7ಕ್ಕಿಂತ ಕಡಿಮೆ ಆಲ್ಕೋಹಾಲ್ ಇದ್ದರೆ ಆ ಹೆಸರಿಟ್ಟು ಮಾರುವಂತಿಲ್ಲ. ನಾನು ಕುಡಿಯುವುದಿಲ್ಲ. ತತ್ವವೇನೂ ಅಲ್ಲ, ಕುಡಿದರೆ ಮರುದಿನ ಮಧ್ಯಾಹ್ನದವರೆಗೆ ತಲೆ ಸಿಡಿಯುತ್ತದೆ. ಆದ್ದರಿಂದ ಇಲ್ಲಿಗೆ ಬಂದ ಮೊದಲ ಚಳಿಗಾಲದಿಂದಲೂ ನನ್ನ ಪಾಲಿಗೆ ಬಂದದ್ದು ಕಿಂಡರ್‌ಪುನ್ಶ್, ಅಕ್ಷರಶಃ ಮಕ್ಕಳ ಪಂಚ್. ಮೂವತ್ತು ದಾಟಿದ ಹೆಂಗಸು ಸರದಿಯಲ್ಲಿ ನಿಂತು "ಒಂದು ಮಕ್ಕಳದ್ದು ಕೊಡಿ" ಎಂದರೆ ಅಂಗಡಿಯಾತ ಕೌಂಟರಿನ ಮೇಲಿಂದ ಬಗ್ಗಿ ನನ್ನ ಮಗುವನ್ನು ಹುಡುಕುತ್ತಿದ್ದ. ಆಗ ನನಗಿನ್ನೂ ಮಗು ಇರಲಿಲ್ಲ.

ಪಂಚ್ ಎಂಬ ಮಾತು ನಮ್ಮ ‘ಪಂಚ’ವೇ ಎಂದು ಬಹಳ ಮಂದಿ ಹೇಳುತ್ತಾರೆ. ಮದ್ಯ, ಸಕ್ಕರೆ, ನಿಂಬೆ, ನೀರು, ಮಸಾಲೆ, ಹೀಗೆ ಐದು ಸೇರಿದ ಪಾನೀಯವನ್ನು ಹದಿನೇಳನೆಯ ಶತಮಾನದಲ್ಲಿ ಇಂಗ್ಲಿಷ್ ಹಡಗಿನವರು ಭಾರತದಿಂದ ಹೊತ್ತೊಯ್ದರಂತೆ. ಇದನ್ನು ಹೇಳಿದಾಗ ಅವ್ವ ತಲೆಯಾಡಿಸಿ "ಪಂಚಾಮೃತಕ್ಕೆ ಹೆಂಡ ಹಾಕಿದರು ಅನ್ನು" ಎಂದು ಮಾತು ಮುಗಿಸಿದಳು.

ಅವಳ ಪುಂಡಿಯ ಮಾತು ಮಾತ್ರ ನನ್ನನ್ನು ಬಿಡಲಿಲ್ಲ. ಮನೆಗೆ ಬಂದು ಕಪಾಟಿನಲ್ಲಿದ್ದ, ಈ ಪಂಚಿಗೆ ಹಾಕುವಂಥ ಹಣ್ಣಿನ ಚಹಾದ ಪೊಟ್ಟಣ ತೆಗೆದು ನೋಡಿದೆ. ವರ್ಷಗಟ್ಟಲೆ ಕುಡಿದಿದ್ದೆ, ಒಮ್ಮೆಯೂ ಸರಿಯಾಗಿ ಓದಿರಲಿಲ್ಲ. ಮೊದಲ ಹೆಸರೇ ಹೈಬಿಸ್ಕಸ್. ಆಮೇಲೆ ಸೇಬಿನ ಚೂರು, ಕಾಡುಗುಲಾಬಿಯ ಕಾಯಿ, ಕಿತ್ತಳೆ ಸಿಪ್ಪೆ. ಹೈಬಿಸ್ಕಸ್ ಎಂದರೆ ದಾಸವಾಳ ಎಂದುಕೊಂಡು, ದೇವರ ಹೂವು ಹಾಕಿದ್ದಾರೆ ಎಂದು ನಾನು ಸುಮ್ಮನಿದ್ದೆ. ಅದು ಹೂವಲ್ಲ. ಹೈಬಿಸ್ಕಸ್ ಸಬ್ದಾರಿಫಾ ಎಂಬ ಗಿಡದಲ್ಲಿ ಹೂವು ಉದುರಿದ ಮೇಲೆ ಬೀಜದ ಕಾಯನ್ನು ಸುತ್ತಿಕೊಂಡು ದಪ್ಪಗಾಗುವ ಕೆಂಪು ಹೊದಿಕೆ. ಸುಡಾನಿನಲ್ಲಿ, ಈಜಿಪ್ಟಿನಲ್ಲಿ ಅದನ್ನು ಕರ್ಕದೆ ಎಂದು ಕರೆದು ಕುಡಿಯುತ್ತಾರೆ. ನಮ್ಮಲ್ಲಿ ಅದು ಕೆಂಪು ಪುಂಡಿ.

ನಾವು ಪುಂಡಿ ಎನ್ನುವುದು ಒಂದೇ ಗಿಡವನ್ನಲ್ಲ ಎಂಬುದು ಬೇರೆ ಮಾತು. ಹೊಲದ ಬದುವಿನಲ್ಲಿ ಸಾಲು ಬಿತ್ತಿ, ನಾರು ತೆಗೆದು, ಹಗ್ಗ ಹೊಸೆಯುತ್ತಿದ್ದ ಪುಂಡಿ ಇದರ ಒಡಹುಟ್ಟು, ಹೈಬಿಸ್ಕಸ್ ಕ್ಯಾನಬಿನಸ್. ಎಲೆಯ ಹುಳಿಯಲ್ಲಿ ಇಬ್ಬರೂ ಒಂದೇ ಮನೆಯವರು. ಜೋಳದ ನುಚ್ಚು ಹಾಕಿ, ಬೆಳ್ಳುಳ್ಳಿ ಒಗ್ಗರಣೆ ಕೊಟ್ಟ ಪುಂಡಿ ಪಲ್ಯವನ್ನು ಬಿಸಿ ರೊಟ್ಟಿಯೊಂದಿಗೆ ತಿಂದು ಬೆಳೆದ ನಾಲಿಗೆಗೆ ಆ ಹುಳಿ ಗೊತ್ತಾಗದೆ ಇರುತ್ತದೆಯೇ? ಅವ್ವನದಕ್ಕೆ ಗೊತ್ತಾಯಿತು, ನನ್ನದಕ್ಕೆ ಗೊತ್ತಾಗಿರಲಿಲ್ಲ. ಸಕ್ಕರೆಯ ಹಿಂದೆ ಅಡಗಿದ್ದನ್ನು ಹುಡುಕುವ ಪುರುಸೊತ್ತು ನನಗೆ ಇರಲಿಲ್ಲವೇನೋ.

ಈ ಸಕ್ಕರೆಯ ಬಗ್ಗೆಯೇ ನನ್ನ ತಕರಾರು. ಚಳಿಗಾಲದಲ್ಲಿ ಇಲ್ಲಿಯ ಅಂಗಡಿಗಳಲ್ಲಿ ತಯಾರಿ ಕಿಂಡರ್‌ಪುನ್ಶ್ ಬಾಟಲಿಗಳಲ್ಲಿ ಸಿಗುತ್ತದೆ. ಬಿಸಿ ಮಾಡಿದರೆ ಆಯಿತು. ಕುಡಿದರೆ ಕೆಮ್ಮಿನ ಔಷಧಿ. ಮಕ್ಕಳದ್ದು ಎಂದು ಹೆಸರಿಟ್ಟ ತಕ್ಷಣ ಅದು ಸಿಹಿಯೇ ಇರಬೇಕು ಎಂದು ಯಾರು ತೀರ್ಮಾನಿಸಿದರೋ! ಹುಣಿಸೆ ಚಿಗುರು, ನೆಲ್ಲಿಕಾಯಿ, ಉಪ್ಪು ಖಾರ ಹಚ್ಚಿದ ಮಾವಿನಕಾಯಿ ತಿಂದು ಬೆಳೆದವರನ್ನು ಕೇಳಬೇಕಿತ್ತು. ಮಕ್ಕಳಷ್ಟು ಹುಳಿ ತಿನ್ನುವವರು ಬೇರೆ ಯಾರಿದ್ದಾರೆ?

ಆ ವರ್ಷ ಎಳ್ಳ ಅಮಾವಾಸ್ಯೆ ಡಿಸೆಂಬರ್ 23ಕ್ಕೆ ಬಿದ್ದಿತ್ತು. ಚರಗ ಚೆಲ್ಲಲು, ಅಂದರೆ ಭೂಮಿತಾಯಿಗೆ ಎಡೆ ಎರಚಲು, ಹೊಲಕ್ಕೆ ಹೋಗಬೇಕಾದ ಅವ್ವ ಇಲ್ಲಿ ನಾಲ್ಕನೆಯ ಮಹಡಿಯ ಕಿಟಕಿಯಿಂದ ಹಿಮ ನೋಡುತ್ತ ಕೂತಿದ್ದಳು. ಸಜ್ಜೆ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಹೋಳಿಗೆ ಕಟ್ಟಿಕೊಂಡು, ಬಂಡಿ ಹೂಡಿ, ಬಂಧು ಬಳಗವೆಲ್ಲ ಬನ್ನಿ ಗಿಡದ ಕೆಳಗೆ ಕೂತು ಉಣ್ಣುವ ಹಬ್ಬ ಅದು. ನಮ್ಮ ಚಳಿಗಾಲದ ಕೂಟ ಅದೇ. ಅವಳ ಮುಖ ನೋಡಲಾರದೆ ನಾನು 26ಕ್ಕೆ ಊರಿನ ಕಡೆಯವರನ್ನೆಲ್ಲ ಮನೆಗೆ ಕರೆದೆ. ಇಲ್ಲಿ 25 ಮತ್ತು 26 ಎರಡೂ ದಿನ ರಜೆ, ಅಂಗಡಿಗಳೆಲ್ಲ ಮುಚ್ಚಿರುತ್ತವೆ, ಯಾರಿಗೂ ಹೋಗಲು ಬೇರೆ ಕಡೆ ಇರುವುದಿಲ್ಲ. ಕರೆದರೆ ಎಲ್ಲರೂ ಬರುತ್ತಾರೆ. ಹದಿನೈದು ಮಂದಿಯಾದರು. ಕೆಳಗಿನ ಮನೆಯ ಅಜ್ಜಿಯೂ ಸೇರಿ.

ಗಿರ್ಮಿಟ್ಟು, ಮಿರ್ಚಿ ಭಜಿ ಅವ್ವನ ಪಾಲು. ಪಂಚ್ ನನ್ನದು.

ಹದಿನೈದು ಮಂದಿಗೆ ಎರಡು ಲೀಟರ್ ನೀರು, ಸುಮಾರು 40 ಗ್ರಾಂ ಬಿಡಿ ಹಣ್ಣಿನ ಚಹಾ, ಒಂದು ಲೀಟರ್ ಸೇಬಿನ ರಸ. ಸೇಬಿನ ರಸ ತಿಳಿಯಾದದ್ದಲ್ಲ, ಸೋಸದೆ ಮಬ್ಬಾಗಿರುವುದು. ತಿಳಿಯಾದದ್ದರಲ್ಲಿ ಸಿಹಿ ಬಿಟ್ಟರೆ ಏನೂ ಉಳಿದಿರುವುದಿಲ್ಲ. ಮೂರು ಕಿತ್ತಳೆಯ ರಸ. ಚಕ್ಕೆ ಎರಡು ತುಂಡು, ಲವಂಗ ಎಂಟು, ಚಕ್ರಮೊಗ್ಗು ಎರಡು, ಏಲಕ್ಕಿ ಆರು, ಹೆಬ್ಬೆರಳಷ್ಟು ಹಸಿಶುಂಠಿ ಜಜ್ಜಿದ್ದು. ಪಾತ್ರೆ ಸ್ಟೀಲಿನದೇ ಇರಲಿ. ಈ ಹುಳಿಯನ್ನು ಅಲ್ಯೂಮಿನಿಯಂ ಪಾತ್ರೆಯಲ್ಲಿ ಕುದಿಸುವುದೂ ಕಲಾಯಿ ಇಲ್ಲದ ಹಿತ್ತಾಳೆಯಲ್ಲಿ ಹುಣಿಸೆ ಹಿಂಡುವುದೂ ಒಂದೇ.

ಮೊದಲು ಮಸಾಲೆಯನ್ನು ನೀರಿನಲ್ಲಿ ಹತ್ತು ನಿಮಿಷ ಸಣ್ಣ ಉರಿಯಲ್ಲಿ ಕುದಿಸುತ್ತೇನೆ. ಚಕ್ಕೆ ಶುಂಠಿಗಳು ಗಟ್ಟಿ ಜೀವ, ಅವು ಬಾಯಿಬಿಡಲು ಹೊತ್ತು ಬೇಕು. ಉರಿ ಆರಿಸಿ ಚಹಾ ಹಾಕಿ ಮುಚ್ಚಿ ಮತ್ತೆ ಹತ್ತು ನಿಮಿಷ. ಇಲ್ಲಿಯ ಪೊಟ್ಟಣಗಳ ಮೇಲೆ ಒಂದು ಎಚ್ಚರಿಕೆ ಇರುತ್ತದೆ: ಯಾವಾಗಲೂ ಕೊತಕೊತ ಕುದಿಯುವ ನೀರನ್ನೇ ಹಾಕಿ, ಹೇಳಿದಷ್ಟು ನಿಮಿಷ ಬಿಡಿ, ಆಗ ಮಾತ್ರ ನಿಮಗೆ ಸುರಕ್ಷಿತ ಆಹಾರ ದೊರೆಯುತ್ತದೆ. ಚಹಾ ಮಾಡುವುದನ್ನು ಇಷ್ಟು ಗಂಭೀರವಾಗಿ ಹೇಳುವ ದೇಶ ಇನ್ನೊಂದಿರಲಾರದು ಎಂದು ಮೊದಲೆಲ್ಲ ನಗುತ್ತಿದ್ದೆ. ಒಣಗಿದ ಎಲೆ, ಕಾಯಿಗಳ ಮೇಲೆ ರೋಗಾಣು ಇರಬಹುದು, ಕುದಿನೀರು ಅವನ್ನು ಕೊಲ್ಲುತ್ತದೆ ಎಂಬುದು ಅದರ ಅರ್ಥ. ಈಗ ನಗುವುದಿಲ್ಲ, ಗಡಿಯಾರ ನೋಡುತ್ತೇನೆ.

ಸೋಸಿದ ಮೇಲೆಯೇ ರಸಗಳು ಬೀಳಬೇಕು, ಆಮೇಲೆ ಕುದಿಸಬಾರದು. ಹಬೆ ಎದ್ದರೆ ಸಾಕು. ಕಿತ್ತಳೆ ಹೋಳುಗಳನ್ನು ಕುದಿಸಿದರೆ ಸಿಪ್ಪೆಯೊಳಗಿನ ಬಿಳಿ ಭಾಗ ಕಹಿ ಬಿಡುತ್ತದೆ. ಲವಂಗ ಅರ್ಧ ಗಂಟೆ ಮೀರಿ ಉಳಿದರೆ ನಾಲಿಗೆ ಜೋಮು ಹಿಡಿದು ಹಲ್ಲಿನ ವೈದ್ಯರ ಕೋಣೆ ನೆನಪಾಗುತ್ತದೆ. ಬಡಿಸುವವರೆಗೆ ಎಲ್ಲವನ್ನೂ ಪಾತ್ರೆಯಲ್ಲೇ ಬಿಟ್ಟು ಚಂದ ಕಾಣಿಸಲಿ ಎನ್ನುವವರಿದ್ದಾರೆ. ಚಂದವೇನೋ ಕಾಣುತ್ತದೆ, ಕುಡಿಯುವಂತಿರುವುದಿಲ್ಲ.

ಚಕ್ಕೆಯ ಬಗ್ಗೆ ಇನ್ನೊಂದು ಮಾತು. ಊರಿನಿಂದ ಬರುವಾಗ ತಂದ ಚಕ್ಕೆ ದಪ್ಪ ತೊಗಟೆ, ಒಂದೇ ಪದರ, ಮುರಿಯಲು ಕುಟ್ಟಣಿಗೆ ಬೇಕು. ಅದು ಕೇಸಿಯಾ. ಸಿಂಹಳದ ಚಕ್ಕೆ ಕಾಗದದಷ್ಟು ತೆಳ್ಳಗಿನ ಹಲವು ಪದರ ಸುತ್ತಿದ ಚುಟ್ಟದ ಹಾಗಿರುತ್ತದೆ, ಬೆರಳಲ್ಲೇ ಪುಡಿಯಾಗುತ್ತದೆ. ಕೇಸಿಯಾದಲ್ಲಿ ಕೂಮರಿನ್ ಎಂಬ ಅಂಶ ಹೆಚ್ಚು, ಅತಿಯಾದರೆ ಪಿತ್ತಜನಕಾಂಗಕ್ಕೆ ಒಳ್ಳೆಯದಲ್ಲ. 2006ರಲ್ಲಿ ಜರ್ಮನಿಯಲ್ಲಿ ಇದರ ಮೇಲೆ ದೊಡ್ಡ ಗದ್ದಲವೇ ಆಗಿತ್ತು, ಕ್ರಿಸ್‌ಮಸ್ಸಿನ ಚಕ್ಕೆ ಬಿಸ್ಕತ್ತುಗಳನ್ನೇ ಜನ ಅನುಮಾನದಿಂದ ನೋಡಿದರು. ದಿನಕ್ಕೆ ದೇಹದ ತೂಕದ ಪ್ರತಿ ಕಿಲೋಗೆ 0.1 ಮಿಲಿಗ್ರಾಂ ಎಂಬುದು ಹಾಕಿಕೊಟ್ಟ ಮಿತಿ. ವರ್ಷಕ್ಕೊಮ್ಮೆ ಎರಡು ತುಂಡು ಕುದಿಸಿದರೆ ಏನೂ ಆಗುವುದಿಲ್ಲ. ಆದರೂ ಮಕ್ಕಳು ಕುಡಿಯುವುದಕ್ಕೆ ಸಿಂಹಳದ್ದನ್ನೇ ಹಾಕುತ್ತೇನೆ, ಊರಿನದ್ದು ಪಲಾವಿಗೆ.

ಇನ್ನು ಏಲಕ್ಕಿ. ಆ ದಿನ ಮನೆಯಲ್ಲಿ ಏಲಕ್ಕಿ ಇರಲಿಲ್ಲ. ಡಬ್ಬಿ ತೆರೆದರೆ ಸಿಪ್ಪೆ ಮಾತ್ರ; ಹಿಂದಿನ ದಿನ ಪಾಯಸಕ್ಕೆ ಬೀಜವೆಲ್ಲ ಹೋಗಿತ್ತು. ಅಂಗಡಿ ಮುಚ್ಚಿದೆ. ಬರುವವರಲ್ಲಿ ಯಾರಿಗಾದರೂ ಫೋನ್ ಮಾಡಬಹುದಿತ್ತು, ಆದರೆ ಹಾವೇರಿಯವಳು ಏಲಕ್ಕಿ ಸಾಲ ಕೇಳುವುದೇ? ಮಲೆನಾಡಿನ ಏಲಕ್ಕಿ ಘಟ್ಟ ಇಳಿದು ಬಂದು, ತೊಳೆದು ಹಸನಾಗಿ, ಹಾರವಾಗಿ ದೇಶ ಸುತ್ತಲು ಹೊರಡುತ್ತಿದ್ದ ಊರು ನಮ್ಮದು. ಬೈಠಕ್ ಕೋಣೆಯ ಗೋಡೆಯ ಮೇಲೆ ನನ್ನ ಮದುವೆಯ ಏಲಕ್ಕಿ ಹಾರ ಗಾಜಿನ ಚೌಕಟ್ಟಿನಲ್ಲಿ ತೂಗುತ್ತಿತ್ತು. ಬಿಳಿಚಿದ ಕಾಯಿಗಳು, ನಡುನಡುವೆ ಜರಿಯ ಎಳೆ, ಕೆಳಗೆ ಕುಚ್ಚು. ನಾನು ಅದನ್ನು ನೋಡಿದೆ. ಅವ್ವ ನನ್ನನ್ನು ನೋಡಿದಳು. ಗಂಡ ಇಬ್ಬರನ್ನೂ ನೋಡಿ ಬಾಲ್ಕನಿಗೆ ಹೋದ.

ಉಗುರು ಕತ್ತರಿಯಿಂದ ಕುಚ್ಚಿನ ಮೇಲಿನ ಆರು ಕಾಯಿ ಬಿಡಿಸಿದೆ. ಸಿಪ್ಪೆಗೆ ವಾಸನೆಯೇ ಇರಲಿಲ್ಲ, ಒಣ ಕಾಗದ. ಒಡೆದರೆ ಒಳಗೆ ಬೀಜ ಕಂದು ಬಣ್ಣಕ್ಕೆ ತಿರುಗಿದ್ದರೂ ಒಣಗಿ ಪುಡಿಯಾಗಿರಲಿಲ್ಲ. ಒಂದನ್ನು ಹಲ್ಲಿಗೆ ಹಾಕಿ ಕಡಿದೆ. ಒಂದು ಕ್ಷಣ ಏನೂ ಇಲ್ಲ. ಆಮೇಲೆ ಮೂಗಿನ ಹಿಂದೆಲ್ಲೋ ತಣ್ಣಗೆ ಘಮ್ಮೆಂದಿತು. ಎಂಟು ವರ್ಷದ ಹಳೆಯ ಮದುವೆಗೆ ಇದು ಕಡಿಮೆಯೇನಲ್ಲ ಎಂದು ಬಾಲ್ಕನಿಯವರೆಗೆ ಕೇಳುವಂತೆ ಹೇಳಿದೆ. ಆ ಹಾರ ಈಗಲೂ ಅಲ್ಲೇ ಇದೆ, ಒಂದು ಕಡೆ ಮೋಟು.

ಮಸಾಲೆಯ ಲೆಕ್ಕದಲ್ಲಿ ಈ ಊರೂ ನಮ್ಮ ಕರಾವಳಿಯೂ ಹಳೆಯ ಪರಿಚಯದವರು. ಇಲ್ಲಿಯ ವಸ್ತುಸಂಗ್ರಹಾಲಯದಲ್ಲಿ ಮಾರ್ಟಿನ್ ಬೆಹೈಮ್ 1492ರಲ್ಲಿ ಮಾಡಿಸಿದ ಭೂಗೋಳವಿದೆ, ಇಂದಿಗೆ ಉಳಿದಿರುವ ಭೂಗೋಳಗಳಲ್ಲಿ ಅತಿ ಹಳೆಯದು. ಅದರಲ್ಲಿ ಅಮೆರಿಕವೇ ಇಲ್ಲ, ಆದರೆ ಮಸಾಲೆ ಪೂರ್ವದ ದ್ವೀಪಗಳಿಂದ ಹೊರಟು ಎಷ್ಟೆಷ್ಟು ಕೈ ದಾಟಿ, ಎಲ್ಲೆಲ್ಲಿ ಸುಂಕ ಕಟ್ಟಿ, ಜರ್ಮನಿಗೆ ಬರುವಷ್ಟರಲ್ಲಿ ಯಾಕೆ ಇಷ್ಟು ದುಬಾರಿಯಾಗುತ್ತದೆ ಎಂದು ಉದ್ದಕ್ಕೆ ಬರೆದ ಗೋಳಾಟವಿದೆ. ಹದಿಮೂರು ವರ್ಷಗಳ ಮೇಲೆ, 1505ರಲ್ಲಿ, ಔಗ್ಸ್‌ಬರ್ಗ್ ಮತ್ತು ನ್ಯೂರೆಂಬರ್ಗಿನ ವ್ಯಾಪಾರಿ ಮನೆತನಗಳು ನಡುವಿನ ಕೈಗಳನ್ನು ತಪ್ಪಿಸಲು ಪೋರ್ಚುಗೀಸ್ ನೌಕಾಪಡೆಯ ಮೂರು ಹಡಗುಗಳಿಗೆ ಹಣ ಹಾಕಿದವು. ಫ್ರಾನ್ಸಿಸ್ಕೋ ದೆ ಅಲ್ಮೇಡಾನ ಆ ಪಡೆ ಬಂದು ಕೋಟೆ ಕಟ್ಟಲು ನಿಂತದ್ದು ಕಾರವಾರದ ಎದುರಿನ ಅಂಜುದೀವ ದ್ವೀಪದಲ್ಲಿ. ಅಲ್ಲಿಂದ ಹೊನ್ನಾವರಕ್ಕೆ ಹೋಗಿ ಬೆಂಕಿ ಇಟ್ಟರು. ಹಡಗುಗಳು ಮೆಣಸು ಹೊತ್ತು ಹಿಂದಿರುಗಿದವು. ಸಂತೆಯಲ್ಲಿ ಶುಂಠಿ, ಲವಂಗ, ಏಲಕ್ಕಿ ಹಾಕಿದ ಇಲ್ಲಿಯ ಹೆಸರಾಂತ ಬಿಸ್ಕತ್ತು ಲೇಬ್‌ಕೂಹೆನ್ ತಿನ್ನುವಾಗ ಈ ಕಥೆ ಹೇಳಿ ಕೂಟದ ಉತ್ಸಾಹಕ್ಕೆ ತಣ್ಣೀರು ಎರಚುವುದು ನನ್ನ ಕೆಟ್ಟ ಅಭ್ಯಾಸ.

ಪಂಚ್ ಸಿದ್ಧವಾಯಿತು. ರುಚಿ ನೋಡು ಎಂದು ಅವ್ವನಿಗೆ ಸೌಟು ಕೊಟ್ಟೆ. ನಾಲಿಗೆ ಎರಡು ಸಲ ತಟ್ಟಿತು. "ಉಪ್ಪು ಎಲ್ಲಿ?" ಎಂದಳು. ಇದಕ್ಕೆ ಉಪ್ಪು ಹಾಕುವುದಿಲ್ಲ ಎನ್ನುವಷ್ಟರಲ್ಲಿ ಎರಡು ಚಿಟಿಕೆ ಬಿದ್ದಾಗಿತ್ತು. ಹಿಂದೆಯೇ ನಾಲ್ಕು ಕಾಳು ಮೆಣಸು ಜಜ್ಜಿದ್ದು, ನಿಂಬೆಗಾತ್ರದ ಬೆಲ್ಲ. ಬಣ್ಣ ಸ್ವಲ್ಪ ಮಂಕಾಯಿತು ಎಂದು ಗೊಣಗಿದೆ. ಕುಡಿದು ನೋಡಿ ಸುಮ್ಮನಾದೆ. ಸೇಬಿನ ಸಿಹಿ ಹಿಂದಕ್ಕೆ ಸರಿದಿತ್ತು, ಪುಂಡಿ ಮುಂದೆ ಬಂದು ನಿಂತಿತ್ತು, ಗಂಟಲಿಗೆ ಇಳಿದ ಮೇಲೆ ಮೆಣಸು ಬೆಚ್ಚಗೆ ಉಳಿಯಿತು. ಈಗ ನಾನು ಯಾರಿಗೆ ವಿಧಾನ ಹೇಳಿದರೂ ಉಪ್ಪು ಮರೆಯಬೇಡಿ ಎನ್ನುತ್ತೇನೆ.

ಕೆಳಗಿನ ಮನೆಯ ಅಜ್ಜಿ ಕಿತ್ತಳೆಗೆ ಲವಂಗ ಚುಚ್ಚಿ ಮಾಡಿದ ಎರಡು ಮುಳ್ಳು ಚೆಂಡುಗಳನ್ನು ಹಿಡಿದು ಬಂದರು. ಎಂಬತ್ತರ ಮೇಲಿನ ಜೀವ. ಅವ್ವನ ಪಕ್ಕ ಸೋಫಾದಲ್ಲಿ ಕೂತರು, ನಾನು ನಡುವೆ ದುಭಾಷಿ. ಲೋಟದಿಂದ ಒಂದು ಗುಟುಕು ಕುಡಿದು, ಕಾಡುಗುಲಾಬಿಯ ಕಾಯಿ ಇದೆಯಲ್ಲವೇ ಎಂದರು. ಯುದ್ಧ ಮುಗಿದ ಮೇಲಿನ ವರ್ಷಗಳಲ್ಲಿ ಹಣ್ಣು ಸಿಗುತ್ತಿರಲಿಲ್ಲ, ಶರತ್ಕಾಲದಲ್ಲಿ ಬೇಲಿಯ ಪೊದೆಗಳಿಂದ ಆ ಕಾಯಿ ಬಿಡಿಸಿ ತಂದು ಚಳಿಗಾಲವೆಲ್ಲ ಕುದಿಸಿ ಕುಡಿಯುತ್ತಿದ್ದರಂತೆ. ಕಾಯಿ ಸೀಳಿದರೆ ಒಳಗೆ ಬೀಜದ ಸುತ್ತ ಸಣ್ಣ ಕೂದಲು. ಅದನ್ನು ಒಣಗಿಸಿ ಹುಡುಗರ ಅಂಗಿಯ ಕೊರಳೊಳಗೆ ಹಾಕಿದರೆ ದಿನವಿಡೀ ಕೆರೆದುಕೊಳ್ಳುತ್ತಿದ್ದರು ಎಂದು ಕೈಯಿಂದ ಬೆನ್ನು ತೋರಿಸಿದರು.

ನಾನು ಕನ್ನಡಕ್ಕೆ ತರುವ ಮೊದಲೇ ಅವ್ವ ಎದ್ದು ಕೂತಳು. "ನಸುಗುನ್ನಿ! ನಸುಗುನ್ನಿಯ ಮಾತು ಹೇಳುತ್ತಿದ್ದಾರಲ್ಲವೇ?" ಬೇಲಿಯ ಮೇಲಿನ ನಸುಗುನ್ನಿ ಕಾಯಿಯ ಪುಡಿಯನ್ನು ಮಾಸ್ತರರ ಕುರ್ಚಿಗೆ ಸವರಿದ ಕಥೆಯನ್ನು ಅವಳು ನನಗೆ ಒಮ್ಮೆಯೂ ಹೇಳಿರಲಿಲ್ಲ. ಇಬ್ಬರೂ ನನ್ನನ್ನು ಬಿಟ್ಟು ಕೈಸನ್ನೆಯಲ್ಲೇ ಮುಂದುವರಿದರು. ಎಣ್ಣೆಯಿಂದ ತೆಗೆದ ಭಜಿ ಆರುತ್ತಿತ್ತು. ಇಬ್ಬರು ಮುದುಕಿಯರು ತುರಿಕೆಯ ಅಭಿನಯ ಮಾಡಿ ನಗುತ್ತಿದ್ದರು.

ಹೊರಡುವಾಗ ಅಜ್ಜಿ ನನ್ನ ಕೈ ಹಿಡಿದು, ಇನ್ನು ಮೇಲೆ ನಾವು ‘ಡು’ ಎಂದು ಮಾತಾಡೋಣ ಎಂದರು. ಅಲ್ಲಿಯವರೆಗೆ ‘ಝೀ’, ನೀವು. ಇಲ್ಲಿ ಹಿರಿಯರು ತಾವಾಗಿ ಹೇಳುವವರೆಗೆ ಏಕವಚನಕ್ಕೆ ಇಳಿಯುವಂತಿಲ್ಲ. ಏಳು ವರ್ಷಗಳ ಮೆಟ್ಟಿಲಿನ ನಮಸ್ಕಾರಗಳ ಮೇಲೆ ಸಿಕ್ಕ ಸಲುಗೆ ಅದು. ನನ್ನ ಕಣ್ಣು ತುಂಬಿತು. ಏನಾಯಿತು ಎಂದು ಅವ್ವ ಕೇಳಿದಳು. ಅವರನ್ನು ನೀನು ಎಂದು ಕರೆಯಲು ಒಪ್ಪಿಗೆ ಕೊಟ್ಟರು ಎಂದೆ.

"ಅಷ್ಟು ಹಿರಿಯರಿಗೆ ನೀನು ಅನ್ನುತ್ತೀಯಾ? ಅವರು ಹೇಳಿದರೂ ನೀನು ಅನ್ನಬೇಡ" ಎಂದು ಬೈದು, ಉಳಿದ ಭಜಿಯನ್ನು ಅಜ್ಜಿಗೆ ಕಟ್ಟಿಕೊಟ್ಟಳು.

ಲೋಟ ತೊಳೆಯುವಾಗ ಮಗಳು ಕೂಗಿದಳು. ಸಿಂಕಿನಲ್ಲಿ ಸಾಬೂನಿನ ನೀರಿಗೆ ಬಿದ್ದ ಪಂಚಿನ ಉಳಿಕೆ ಕೆಂಪು ಹೋಗಿ ಬೂದುನೀಲಿಯಾಗಿತ್ತು. ಹುಳಿಯಲ್ಲಿ ಕೆಂಪಾಗಿ, ಕ್ಷಾರ ತಾಕಿದರೆ ನೀಲಿಯಾಗುವ ಬಣ್ಣ ಅದು. ನಾಲ್ಕು ವರ್ಷದವಳಿಗೆ ಅಡಿಗೆ ಸೋಡಾ ಸಿಕ್ಕಿದ ಮೇಲೆ ಆ ರಾತ್ರಿ ನಾವು ಮಲಗಿದ್ದು ಹನ್ನೊಂದಕ್ಕೆ.

ಮಾರ್ಚಿನಲ್ಲಿ ಅವ್ವ ಊರಿಗೆ ಹೋದಳು. ಮುಂದಿನ ಡಿಸೆಂಬರಿನಲ್ಲಿ ಒಂದು ಬೆಳಿಗ್ಗೆ ವಿಡಿಯೋ ಕರೆ ಬಂತು. ಮಾಳಿಗೆಯ ಮೇಲೆ ಹಳೆಯ ಸೀರೆ ಹಾಸಿ, ಅದರ ತುಂಬ ಕೆಂಪು ಪುಂಡಿಯ ಹೊದಿಕೆಗಳನ್ನು ಬೀಜ ತೆಗೆದು ಹರವಿದ್ದಳು. ಬದುವಿಗೆ ಎರಡು ಸಾಲು ಬಿತ್ತಿಸಿದ್ದಾಳೆ. ಒಣಗಿಸಿ, ಶುಂಠಿ ಮೆಣಸು ಬೆಲ್ಲ ಉಪ್ಪು ಹಾಕಿ ಕುದಿಸಿ, ಓಣಿಯವರಿಗೆಲ್ಲ ಕೊಟ್ಟಳಂತೆ. ಎಲ್ಲರೂ ಚಲೋ ಇದೆ ಎಂದರಂತೆ.

"ಅಪ್ಪ ಏನಂದರು?" ಎಂದು ಕೇಳಿದೆ.

ಅವ್ವ ಫೋನನ್ನು ಅಡುಗೆಮನೆಯ ಕಡೆ ತಿರುಗಿಸಿದಳು. ಅಪ್ಪ ಒಲೆಯ ಮುಂದೆ ಲೋಟ ಹಿಡಿದು ನಿಂತಿದ್ದರು. ಒಳಗೆ ಗುಲಾಬಿ ಬಣ್ಣದ ನೀರು, ಅದರ ಮೇಲೆ ಒಡೆದ ಹಾಲಿನ ಗಂಟುಗಳು.

"ಹಾಲು ಇಲ್ಲದೆ ಇದೆಂಥ ಚಹಾ" ಎಂದರು.